ಹಂಚು ಬಿದ್ದ ಪ್ರಕರಣ ಮತ್ತು ಸೀತವ್ವನ ಗೃಹಶಾಲೆ

ಸರಕಾರಿ ಶಾಲೆಯ ಛಾವಣಿಯಿಂದ ಒಂದು ಹಂಚು ಬಿದ್ದರೆ ಅದನ್ನು ಬರೀ ಹಂಚು ಬಿತ್ತು ಎಂದು ತಿಳಿಯಕೂಡದು. ಇಲಾಖೆಯ ಸ್ವತ್ತೊಂದು ತನಗೆ ನಿಗದಿಯಾದ ಸ್ಥಳವನ್ನು ಮೇಲಧಿಕಾರಿಗಳ ಅನುಮತಿಯಿಲ್ಲದೆ ಬಿಟ್ಟಿತು ಎಂದು ತಿಳಿಯತಕ್ಕದ್ದು. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ದೀಪಾವಳಿ ಸೂಟಿ ಮುಗಿದ ಹೊಸದರಲ್ಲಿ, ಕರೇಕಲ್ಲಹಾಳದ ಕನ್ನಡ ಗಂಡು-ಹೆಣ್ಣುಮಕ್ಕಳ ಶಾಲೆಯಲ್ಲಿ ಅಂಥದೊಂದು ಹಂಚು ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರ ಕುರ್ಚಿಯ ಮೇಲೆ ಬಿತ್ತು. ಸಾಹೇಬರು ಆಗಷ್ಟೇ ಕೈ ತೊಳೆಯಲು ಎದ್ದುಹೋಗಿದ್ದರು. ಕುರ್ಚಿಗೆ ಪೆಟ್ಟಾಯಿತು, ಸಾಹೇಬರಿಗೆ ಅವಮಾನವಾಯಿತು.

ಹಂಚು ತಾನಾಗಿಯೇ ಬಿದ್ದಿತೋ, ಯಾರದಾದರೂ ಕುಮ್ಮಕ್ಕಿನಿಂದ ಬಿದ್ದಿತೋ ಎಂದು ನಿರ್ಣಯಿಸಲು ಜಿಲ್ಲೆಯ ಮಟ್ಟದಲ್ಲಿ ಹಂಚು ವಿಚಾರಣಾ ಸಮಿತಿ ನೇಮಕವಾಯಿತು. ಸಮಿತಿಯ ವರದಿ ಬರುವತನಕ ಶಾಲೆ ಮುಚ್ಚಿರತಕ್ಕದ್ದೆಂದು ಹುಕುಂ ಆಯಿತು. ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ನಿಲ್ಲಲೋ ಬೇಡವೋ ಎಂದು ಅನುಮಾನಿಸಿ ನಿಲ್ಲುವಂಥ ಊರು ಅದು. ಅಂಥ ಊರಿಗೆ ಒಂದು ಸಮಿತಿಯೇ ಸಿಕ್ಕಿದ್ದರಿಂದ ಪಂಚಾಯ್ತಿ ಚೇರ್ಮನ್ ರಾಚಪ್ಪನವರು ಪೇಢೆ ಹಂಚಿದರು.

ಪೇಢೆ ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದವಳು ಸೀತವ್ವ ಒಬ್ಬಳೇ. ಅವಳ ಸಂಕಟ ಬೇರೆ. ಅವಳ ಗಂಡ ಶಂಕ್ರೆಪ್ಪ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವವನು, ಕೆಟ್ಟವನಲ್ಲ, ಮಾತಿಗೆ ತಪ್ಪದವನು. ತೊಂದರೆ ಇದ್ದದ್ದೇ ಅಲ್ಲಿ. ಮಗಳು ಹನಮವ್ವ ತೊಟ್ಟಿಲಲ್ಲಿದ್ದಾಗಲೇ ಅವನು ನಿಡಗುಂದಿಯ ಅಕ್ಕ ಹೊನ್ನವ್ವನಿಗೆ, ನಿನ್ನ ಮಗನಿಗೇ ನನ್ನ ಮಗಳು ಎಂದು ಮಾತು ಕೊಟ್ಟಿದ್ದ. ಆಮೇಲೆ ಸೀತವ್ವ ಊಟ ಬಿಟ್ಟು ಕೂತಾಗ ಅವಳಿಗೂ ಒಂದು ಮಾತು ಕೊಟ್ಟ: ಸಾಲಿ ನಡೆಯುವತನಕ ಹುಡುಗಿ ಸಾಲಿಗೆ ಹೋಗಲಿ, ಸಾಲಿ ನಿಂತ ದಿನ ಲಗ್ನ. ಹನಮವ್ವ ಏಳನೆಯ ಇಯತ್ತೆಗೆ ಬಂದಿದ್ದಳು.

"ಸಾಲಿ ಮುಚ್ಚೇತಿ," ಎಂದ ಶಂಕ್ರೆಪ್ಪ, ಅವಳ ಕೈಯ ಪೇಢೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತ. "ಅಕ್ಕಗ ಹೇಳಿ ಕಳಸ್ತೇನಿ."

"ಹಂಚ್ ಬಿದ್ರ ನನ್ನ ಮಗಳು ಯಾಕ ಲಗ್ನ ಆಗಬೇಕು?"

"ಮಾತಂದ್ರ ಮಾತು," ಎಂದ ಅವನು. ಸೀತವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮಾತಿಗೆ ತಪ್ಪದ ಗಂಡ ಬೇಕೆಂದು ಹರಕೆ ಹೊತ್ತವಳು ಅವಳೇ ಆಗಿದ್ದರಿಂದ ಒಲೆಯ ಮುಂದೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಮರುದಿನ ಎರಡನೆಯ ಹುಕುಂ ಬಂತು. ಹೆಡ್‌ಮಾಸ್ತರ ಗುರುಲಿಂಗಪ್ಪನವರು ಚಾವಡಿಯ ಮುಂದೆ ನಿಂತು, ಡಂಗುರದವನಿಗೆ ಡಂಗುರ ನಿಲ್ಲಿಸಲು ಹೇಳಿ, ಓದಿದರು: "ಶಾಲೆ ಮುಚ್ಚಿದ್ದರಿಂದ ಮಕ್ಕಳ ವಿದ್ಯೆಗೆ ಭಂಗ ಬಾರದಂತೆ ಪ್ರತಿಯೊಂದು ಮನೆಯನ್ನೂ ಶಾಲೆಯೆಂದು ಭಾವಿಸತಕ್ಕದ್ದು. ಹಾಗೆ ಭಾವಿಸದ ಮನೆಗಳ ಮೇಲೆ ಕ್ರಮ ಜರುಗಿಸಲಾಗುವುದು. ಹಗಲೆಲ್ಲ ಮನೆಯಲ್ಲಿರುವ ಹಿರಿಯರೇ ಮುಖ್ಯಾಧ್ಯಾಪಕರು. ಹೊರಗೆ ಹೋಗಿ ಬರುವವರು ಗಂಟೆ ಬಾರಿಸುವ ಸಿಪಾಯಿ. ಗಂಟೆ ಇಲ್ಲದ ಮನೆಯನ್ನು ಶಾಲೆಯೆಂದು ಪರಿಗಣಿಸಲಾಗದು. ಕರಿಹಲಗೆಯ ಎದುರಿಗೆ ನೆಲದ ಮೇಲೆ ಕುಳಿತವರೆಲ್ಲರೂ ವಿದ್ಯಾರ್ಥಿಗಳು. ಅವರಿಗೆ ಸರಕಾರದ ಉಪ್ಪಿಟ್ಟಿನ ರವೆ ಸಲ್ಲತಕ್ಕದ್ದು."

ಸೀತವ್ವ ಹೆಂಗಸರ ಗುಂಪಿನಿಂದ ಮುಂದೆ ಬಂದಳು. "ಹಂಗಾರ ಇವತ್ತಿನಿಂದ ನಮ್ಮ ಮನಿ ಸಾಲಿ ಏನ್ರೀ, ಮಾಸ್ತರ?"

"ಹೌದವ್ವಾ, ಸರಕಾರೀ ಸಾಲಿ."

"ನಡದೈತಿ ಅಂತ ಅರ್ಥ ಏನ್ರೀ?"

"ನಡದೈತಿ. ನೀನ ಹೆಡ್ ಬಾಯಾರು."

ಮುಖ್ಯಾಧ್ಯಾಪಕಿಯಾದ ಸೀತವ್ವ ಗಂಡನ ಕಡೆ ತಿರುಗಿ ನೋಡಿದಳು. ಶಂಕ್ರೆಪ್ಪನಿಗೆ ತಾನು ಸಿಪಾಯಿ ಎಂದು ಗೊತ್ತಾಗಲು ತುಸು ಹೊತ್ತು ಹಿಡಿಯಿತು. ಆದರೆ ಮಾತಂದರೆ ಮಾತು. ಸಾಲಿ ನಡೆದಿತ್ತು, ಲಗ್ನ ಮುಂದಕ್ಕೆ ಹೋಯಿತು.

ಗಂಟೆಗಳ ಸರಬರಾಜನ್ನು ತಾಳಿಕೋಟೆಯ ವ್ಯಾಪಾರಿ ಬಾಬುಲಾಲನಿಗೆ ಕೊಡಲಾಯಿತು. ಚೇರ್ಮನ್ನರಿಗೂ ಬಾಬುಲಾಲನಿಗೂ ವ್ಯವಹಾರದಲ್ಲಿ ಪಾಲಿದ್ದದ್ದು ಕಾಕತಾಳೀಯ. ಬಂದ ಗಂಟೆಗಳೆಲ್ಲ ಎತ್ತಿನ ಕೊರಳ ಗಂಟೆಗಳು. ಮುಂಜಾನೆ ಶಾಲೆಯ ಹೊತ್ತಿಗೆ ಊರಿನ ಎಲ್ಲ ಸಿಪಾಯಿಗಳೂ ಗಂಟೆ ಬಾರಿಸಿದಾಗ ಹೊಲದಲ್ಲಿದ್ದ ಎತ್ತುಗಳೆಲ್ಲ ನೊಗ ಸಮೇತ ಊರಿಗೆ ಓಡಿಬಂದು ಮನೆಮನೆಯ ಬಾಗಿಲಲ್ಲಿ ಪ್ರಾರ್ಥನೆಗೆ ನಿಂತವು. ಇದರಿಂದ ಬಿತ್ತನೆಗೆ ತೊಂದರೆಯಾಯಿತು, ಶಿಸ್ತು ಮಾತ್ರ ಸುಧಾರಿಸಿತು.

ಚೇರ್ಮನ್ನರ ಮನೆಯಲ್ಲಿ ಮಕ್ಕಳಿರಲಿಲ್ಲ. ಆದರೆ ಹುಕುಮಿನ ರವೆಯ ಕಲಮಿನಲ್ಲಿ ಮಕ್ಕಳು ಎಂದು ಇರಲಿಲ್ಲ, ನೆಲದ ಮೇಲೆ ಕುಳಿತವರು ಎಂದಷ್ಟೇ ಇತ್ತು. ಅವರು ತಮ್ಮ ದನದ ಕೊಟ್ಟಿಗೆಯ ಗೋಡೆಗೆ ಕರಿಹಲಗೆ ಹೊಡೆಸಿದರು. ಎಮ್ಮೆಗಳು ಅದರ ಎದುರಿಗೆ ಮಲಗಿ ಮೆಲುಕು ಹಾಕತೊಡಗಿದವು. ಇಡೀ ತಾಲೂಕಿನಲ್ಲಿ ಒಂದು ದಿನವೂ ತಪ್ಪಿಸಿಕೊಳ್ಳದ ವಿದ್ಯಾರ್ಥಿಗಳೆಂದರೆ ಅವೇ. ರವೆಯ ಚೀಲಗಳು ನೇರವಾಗಿ ಕೊಟ್ಟಿಗೆಗೆ ಇಳಿದವು. ಎಮ್ಮೆಗಳ ಹಾಲು ಗಟ್ಟಿಯಾಯಿತು.

ಸೀತವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂಡುತ್ತಿದ್ದಳು, ಹನಮವ್ವ ಎದುರಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಹುಡುಗಿ ನಿಲ್ಲಿಸಿದಾಗೆಲ್ಲ ಸೀತವ್ವ "ಮುಂದ?" ಅನ್ನುತ್ತಿದ್ದಳು. ಹುಡುಗಿ ತಪ್ಪಿದ್ದೇನೋ ಎಂದು ಹೆದರಿ ಮತ್ತೊಮ್ಮೆ ಓದಿ ಮುಂದಕ್ಕೆ ಹೋಗುತ್ತಿದ್ದಳು. ಇಷ್ಟೇ ಪಾಠಕ್ರಮ. ಹೀಗೆಯೇ ಇತಿಹಾಸ ಮುಗಿಯಿತು, ಭೂಗೋಳ ಮುಗಿಯಿತು, ಬಡ್ಡಿ ಲೆಕ್ಕ ಅರ್ಧಕ್ಕೆ ಬಂತು. ಮಗಳ ದನಿ ಕೇಳುತ್ತ ಸೀತವ್ವ ಎಷ್ಟು ಹಿಗ್ಗುತ್ತಿದ್ದಳೆಂದರೆ ಆಗಾಗ ರೊಟ್ಟಿ ಹೊತ್ತುತ್ತಿತ್ತು. ಹೊತ್ತಿದ್ದು ಸಿಪಾಯಿಯ ಪಾಲಿಗೆ ಬರುತ್ತಿತ್ತು.

ಅಷ್ಟರಲ್ಲಿ ನಿಡಗುಂದಿಯ ಹೊನ್ನವ್ವ, ಎಷ್ಟು ದಿನ ಕಾಯುವುದು ಎಂದು ಸಿಟ್ಟಾಗಿ, ಹುಡುಗಿಗೆಂದು ಕುಬಸದ ಖಣ ತೆಗೆದುಕೊಂಡು ಬಸ್ಸಿಳಿದಳು. ಬಂದವಳೇ ಒಳಗೆ ನುಗ್ಗಿ ನೆಲದ ಮೇಲೆ ಕೂತಳು. ಎದುರಿಗೆ ಕರಿಹಲಗೆ ಇತ್ತು.

"ನಾ ಹೆಣ್ಣು ಕೇಳಾಕ ಬಂದೇನಿ, ಸೀತವ್ವಾ."

"ಸಾಲಿ ನಡದೈತ್ರಿ, ಅಕ್ಕಾ. ಕುಂತ್ ಬಿಟ್ರಿ, ಇನ್ನ ನೀವೂ ವಿದ್ಯಾರ್ಥಿ. ಗಂಟಿ ಹೊಡಿಯೂ ತನಕ ಏಳಂಗಿಲ್ಲ."

ಹೊನ್ನವ್ವ ತಮ್ಮನ ಮುಖ ನೋಡಿದಳು. ಶಂಕ್ರೆಪ್ಪ ಗಂಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. "ಖರೇ ಐತಿ ಬಿಡಕ್ಕಾ. ಸರಕಾರದ್ದು," ಎಂದ. ಅಂದು ಸಂಜೆಯೊಳಗೆ ಹೊನ್ನವ್ವ ಅ ಆ ಇ ಈ ಬರೆದಳು, ಉಪ್ಪಿಟ್ಟು ತಿಂದಳು, ಮರುದಿನ ಉ ಬರೆಯುವುದು ಬಾಕಿ ಇದ್ದುದರಿಂದ ಅಲ್ಲಿಯೇ ಉಳಿದಳು.

ಗೃಹಶಾಲೆಗಳ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಈ ಸಲ ತಲೆಗೆ ರುಮಾಲು ಸುತ್ತಿಕೊಂಡು ಬಂದಿದ್ದರು. ಸೀತವ್ವನ ಮನೆಯೊಳಗೆ ಕಾಲಿಟ್ಟು, ಹನಮವ್ವನಿಂದ ಒಂದು ಬಡ್ಡಿ ಲೆಕ್ಕ ಮಾಡಿಸಿ, ಸರಿಯಾಗಿದ್ದಕ್ಕೆ ಇನ್ನೇನು ಮೆಚ್ಚಬೇಕು ಎನ್ನುವಷ್ಟರಲ್ಲಿ ಮಾಳಿಗೆಯಿಂದ ಒಂದು ಹಿಡಿ ಮಣ್ಣು ಅವರ ರುಮಾಲಿನ ಮೇಲೆ ಉದುರಿತು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಣ್ಣು ಉದುರುವುದು ನಿತ್ಯದ ಮಾತು. ಆದರೆ ಇದು ಮನೆಯಾಗಿರಲಿಲ್ಲ.

"ಶಾಲೆಯ ಛಾವಣಿಯ ಭಾಗ ಕಳಚಿ ಬಿದ್ದದ್ದರಿಂದ ಸದರಿ ಶಾಲೆಯನ್ನು ಮುಚ್ಚಲಾಗಿದೆ," ಎಂದು ಸಾಹೇಬರು ರುಮಾಲು ಜಾಡಿಸುತ್ತ ಘೋಷಿಸಿದರು. ಅರಗು ಕಾಯಿಸಲಾಯಿತು. ಬಾಗಿಲಿಗೆ ಮೊಹರು ಬಿತ್ತು. ಸೀತವ್ವ, ಹನಮವ್ವ, ಹೊನ್ನವ್ವ, ಒಂದು ಕೊಡ ನೀರು ಮತ್ತು ಕರಿಹಲಗೆ ಬೀದಿಯಲ್ಲಿ ಉಳಿದವು.

ಶಂಕ್ರೆಪ್ಪ ಖಣಿಯಿಂದ ಬಂದು ಮೊಹರು ನೋಡಿದ. ಸಂಜೆ ಬಾರಿಸಲೆಂದು ಜೊತೆಗೇ ಒಯ್ದಿದ್ದ ಗಂಟೆಯನ್ನು ಮೆಲ್ಲಗೆ ಕೆಳಗಿಟ್ಟ. "ಇದೂ ಮುಚ್ಚಿತು," ಎಂದ. ಅವನ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. "ಇನ್ನ ನಾ ಏನ್ ಮಾಡ್ಲಿ ಹೇಳು."

ಹನಮವ್ವ ತಾಯಿಯ ಸೆರಗು ಹಿಡಿದುಕೊಂಡಳು. ಸೀತವ್ವ ಜೀಪು ಹತ್ತಹೊರಟ ಸಾಹೇಬರ ಕಡೆ ತಿರುಗಿದಳು. ಮಗಳ ಓದು ನಿಂತಾಗ ಹೇಳುವ ಒಂದೇ ಮಾತನ್ನು ಅವರಿಗೂ ಹೇಳಿದಳು.

"ಮುಂದ?"

ಸಾಹೇಬರು ಜೀಪಿನ ಮೆಟ್ಟಿಲ ಮೇಲೆ ನಿಂತರು. ಇಷ್ಟು ವರ್ಷದ ನೌಕರಿಯಲ್ಲಿ ಅವರನ್ನು ಯಾರೂ ಮುಂದೆ ಏನು ಎಂದು ಕೇಳಿರಲಿಲ್ಲ. "ಮುಂದ ಏನಂದ್ರ," ಎಂದು ಹುಕುಂ ತೆಗೆದು ನೋಡಿದರು. "ಶಾಲೆ ಮುಚ್ಚಿದರೆ ಮಕ್ಕಳು ಮನೆಯಲ್ಲಿ ಕಲಿಯತಕ್ಕದ್ದು."

"ಮನಿ ಮುಚ್ಚೀರಲ್ರೀ."

"ನಾನು ಮುಚ್ಚಿದ್ದು ಶಾಲೆ. ನಿನಗ ಮನಿ ಇಲ್ಲಂದ್ರ ಸರಕಾರ ಒಂದು ಮನಿ ಕೊಡಬೇಕಾಗ್ತೈತಿ." ಅವರು ಗುರುಲಿಂಗಪ್ಪನವರ ಕಡೆ ತಿರುಗಿದರು. "ಊರಾಗ ಖಾಲಿ ಬಿದ್ದಿರೂ ಸರಕಾರಿ ಕಟ್ಟಡ ಯಾವುದೈತಿ?"

"ಒಂದ ಐತ್ರಿ," ಎಂದರು ಗುರುಲಿಂಗಪ್ಪನವರು. "ಹಳೇ ಸಾಲಿ."

ಹೀಗೆ ಸೀತವ್ವನ ಸಂಸಾರ ಮುಚ್ಚಿದ ಶಾಲೆಗೆ ವಾಸಕ್ಕೆ ಬಂತು. ವಾರ ಕಳೆಯುವುದರಲ್ಲಿ ಮಣ್ಣು ಉದುರುವ ಮನೆಗಳೆಲ್ಲ ಒಂದೊಂದಾಗಿ ಮುಚ್ಚಿ, ಊರಿಗೆ ಊರೇ ಅಲ್ಲಿಗೆ ಬಂತು. ಗುರುಲಿಂಗಪ್ಪನವರ ಮನೆಯೂ ಮಣ್ಣಿನದೇ ಆದ್ದರಿಂದ ಅವರೂ ಹಾಸಿಗೆ ಸುತ್ತಿಕೊಂಡು ಬಂದರು. ಉಳಿದದ್ದು ಚೇರ್ಮನ್ನರ ಕೊಟ್ಟಿಗೆ ಮಾತ್ರ. ಅದಕ್ಕೆ ತಗಡಿನ ಛಾವಣಿ ಇದ್ದದ್ದರಿಂದ ಮಾದರಿ ಶಾಲೆಯೆಂಬ ಪ್ರಶಸ್ತಿ ಬಂತು.

ಎಲ್ಲರೂ ಒಂದೇ ಮನೆಯವರಾದ ಮೇಲೆ ಮಕ್ಕಳೆಲ್ಲ ಒಂದು ಕಡೆ ಕೂತರು, ಗುರುಲಿಂಗಪ್ಪನವರು ಮನೆಯ ಹಿರಿಯರಾಗಿ ಅವರಿಗೆ ಮನೆಪಾಠ ಹೇಳಿದರು. ಮುಂಜಾನೆ ಪ್ರಾರ್ಥನೆ, ನಡುವೆ ಉಪ್ಪಿಟ್ಟು, ಸಂಜೆ ಮಗ್ಗಿ. ಗಂಟೆ ಬಾರಿಸುತ್ತಿದ್ದ ಶಂಕ್ರೆಪ್ಪನ ಲೆಕ್ಕದಲ್ಲಿ ಸಾಲಿ ನಡೆದೇ ಇತ್ತು. ಪುನಃ ತಪಾಸಣೆಗೆ ಬಂದ ಸಾಹೇಬರು ಹೊಸ್ತಿಲಲ್ಲೇ ನಿಂತು ಕೇಳಿದರು: "ಇದು ಶಾಲೆಯೋ?"

"ಅಲ್ರೀ, ಮನಿ," ಎಂದರು ಎಲ್ಲರೂ.

ಅದೇ ಹೊತ್ತಿಗೆ ಛಾವಣಿಯಿಂದ ಒಂದು ಹಂಚು ಸಾಹೇಬರ ಪಕ್ಕದಲ್ಲೇ ಧೊಪ್ಪನೆ ಬಿತ್ತು. ಹೊನ್ನವ್ವ ಎದ್ದು ಅದನ್ನು ಎತ್ತಿ ಮಜ್ಜಿಗೆಯ ಗಡಿಗೆಗೆ ಮುಚ್ಚಿದಳು. ಮನೆಯೆಂದ ಮೇಲೆ ಇಂಥದೆಲ್ಲ ಇದ್ದದ್ದೇ ಎಂದು ಸಾಹೇಬರು ಮಜ್ಜಿಗೆ ಕುಡಿದು ಹೋದರು.

ಬೇಸಿಗೆಗೆ ಹನಮವ್ವ ಏಳನೆಯ ಇಯತ್ತೆ ಪಾಸಾದಳು. ಹೊನ್ನವ್ವನೂ ಒಂದನೆಯದು ಪಾಸಾಗಿ, ಎರಡನೆಯ ಇಯತ್ತೆಯ ಪುಸ್ತಕ ಹುಡುಕುತ್ತಿದ್ದಳು. ಮಗನ ಲಗ್ನದ ಮಾತು ತೆಗೆದರೆ "ತಡೀರಿ, ಒತ್ತಕ್ಷರ ನಡದಾವು" ಅನ್ನುತ್ತಿದ್ದಳು. ಹನಮವ್ವ ಸಾಲಿ ಬಿಟ್ಟ ದಾಖಲೆಗೆ ಹೆಡ್ ಬಾಯಾರಾದ ಸೀತವ್ವ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ಅವಳ ಕಣ್ಣು ತುಂಬಿದವು, ಹೆಬ್ಬೆಟ್ಟು ಎರಡು ಸಲ ಜಾರಿತು.

ತಾಳಿಕೋಟೆಯ ಹೈಸ್ಕೂಲಿಗೆ ಮಗಳ ಹೆಸರು ಹಚ್ಚಿಸಲು ಹೋದವನು ಶಂಕ್ರೆಪ್ಪ. ತಿರುಗಿ ಬಂದಾಗ ಸೀತವ್ವ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನು ಮಾತಿಗೆ ತಪ್ಪದವನು, ಸಾಲಿ ನಿಂತ ದಿನ ಲಗ್ನ ಎಂಬ ಮಾತು ಇನ್ನೂ ಹಾಗೆಯೇ ಇತ್ತು.

"ಸಾಲಿ ನೋಡಿ ಬಂದೆ," ಎಂದ ಶಂಕ್ರೆಪ್ಪ. "ಬೆಂಚಿನ ಮ್ಯಾಲೆ ಹತ್ತಿ ನಿಂತು ಕೈಲೆ ಬಡದೂ ನೋಡ್ದೆ. ಸ್ಲ್ಯಾಬ್ ಐತಿ."

"ಅಂದ್ರ?"

"ಏನೂ ಬೀಳಂಗಿಲ್ಲ. ಆ ಸಾಲಿ ಮುಚ್ಚೂದ ಇಲ್ಲ ಬಿಡು," ಎಂದ ಅವನು. ಆಮೇಲೆ ಗೋಡೆಯ ಗೂಟಕ್ಕಿದ್ದ ಎತ್ತಿನ ಗಂಟೆ ತೆಗೆದುಕೊಂಡು ಹೊರಗೆ ಹೋಗಿ ಬಾರಿಸಿದ. ಎತ್ತುಗಳು ಓಡಿಬಂದವು. ಹೊನ್ನವ್ವ ಪಾಟಿ-ಬಳಪ ಹುಡುಕಿಕೊಂಡು ಕರಿಹಲಗೆಯ ಎದುರಿಗೆ ಹೋಗಿ ಕೂತಳು.