ಎರಡು ಬ್ಯಾಟರಿಗಳ ಯಜಮಾನ

ವ್ಯಾನ್ ಕೊಂಡ ದಿನವೇ ಇಡೀ ಕುಟುಂಬದ ಮುಂದೆ ಘೋಷಿಸಿಬಿಟ್ಟೆ: "ಇನ್ನು ಈ ಆನ್ಸೆಲ್ಮೊ ಯಾರ ಹಂಗಿನಲ್ಲೂ ಇಲ್ಲ!" ಮಂಚ, ಒಲೆ, ಸಿಂಕು ಎಲ್ಲವೂ ವ್ಯಾನಿನ ಒಳಗೇ. ಬ್ಯಾಟರಿಯಂತೂ ಒಂದಲ್ಲ, ಎರಡು! ಮುಂದಿನದು ಎಂಜಿನ್ ಎಬ್ಬಿಸಲು, ಹಿಂದಿನದು ದೀಪ, ಫ್ಯಾನುಗಳಿಗೆ. ಅರ್ಜೆಂಟೀನಾದ ಯಾವ ರಸ್ತೆಗೂ ನನ್ನನ್ನು ತಡೆಯುವ ಧೈರ್ಯವಿಲ್ಲ ಎಂದು ಎದೆಯುಬ್ಬಿಸಿದ್ದೆ.

ನನ್ನ ಹೆಂಡತಿ ನೆಲಿದಾಳ ಅಣ್ಣ ಎವರಿಸ್ಟೊ ಮಾತ್ರ ಮೀಸೆಯಡಿ ನಕ್ಕ. ಕ್ರಿಸ್‌ಮಸ್‌ಗೆ ಕೆಂಪು ರಿಬ್ಬನ್ ಸುತ್ತಿದ ಉಡುಗೊರೆ ತಂದುಕೊಟ್ಟ. ಬಿಚ್ಚಿದರೆ, ಸತ್ತ ಬ್ಯಾಟರಿಗೆ ಇನ್ನೊಂದರಿಂದ ಕರೆಂಟು ಕೊಡುವ ಕೇಬಲ್! ಈ ಅವಮಾನ ಸಹಿಸಲು ನಾನೇನು ಸಂತನೇ? ಗ್ಯಾರೇಜಿನ ಮೂಲೆಗೆ ಎಸೆದೆ.

ನೆಲಿದಾಳಿಗೆ ಎರಡು ಶಾಸನ ಹೊರಡಿಸಿದೆ. ಒಂದು, ಹಿಂದಿನ ಬ್ಯಾಟರಿ ಆಪತ್ಕಾಲಕ್ಕೆ ಮೀಸಲು, ಫ್ಯಾನ್ ಹಾಕಕೂಡದು. ಎರಡು, ತಾಂತ್ರಿಕ ವಿಷಯದಲ್ಲಿ ಬಾಯಿ ಹಾಕಕೂಡದು. ಪಾಪ, ಸೆಕೆಯಲ್ಲಿ ಪತ್ರಿಕೆ ಬೀಸಿಕೊಂಡು ಎರಡನ್ನೂ ಪಾಲಿಸಿದಳು.

ನಮ್ಮಲ್ಲಿ ಕೆಂಡದ ಮುಂದೆ ನಿಂತು ಮಾಂಸ ಸುಡುವವನಿಗೆ ಊಟಕ್ಕೆ ಕೂತವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಚಪ್ಪಾಳೆ ಎವರಿಸ್ಟೊನ ಸ್ವತ್ತು! ಅತ್ತೆಯ ಎಂಬತ್ತನೆಯ ಹುಟ್ಟುಹಬ್ಬಕ್ಕಾದರೂ ನನಗೆ ಬಿಡಿ ಎಂದು ಗೋಗರೆದು ಆ ಪಟ್ಟ ಗಿಟ್ಟಿಸಿಕೊಂಡಿದ್ದೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಬೆಂಕಿ ಹಚ್ಚಬೇಕು. ಶನಿವಾರವೇ ಹೊರಟು, ಅತ್ತೆಯ ಮನೆಗೆ ಮೂವತ್ತು ಕಿಲೋಮೀಟರ್ ದೂರದ ಕೆರೆಯ ದಂಡೆಯಲ್ಲಿ ಬೀಡುಬಿಟ್ಟೆವು.

ಬೆಳಗಾದ ಮೇಲೆ ಮಾಟೆ ಕುಡಿಯದೆ ಯಾವ ಅರ್ಜೆಂಟೀನಿಯನ್ ಮಿಸುಕಾಡುತ್ತಾನೆ? ಸೋರೆಬುರುಡೆಗೆ ಒಣಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಕೊಳವೆಯಲ್ಲಿ ಹೀರಬೇಕು. ಗ್ಯಾಸ್ ಒಲೆ ಇತ್ತು. ಆದರೆ ಸ್ಟೀರಿಂಗ್ ಪಕ್ಕಕ್ಕೆ ಚುಚ್ಚಿ ಮುಂದಿನ ಬ್ಯಾಟರಿಯಲ್ಲೇ ನೀರು ಕಾಯಿಸುವ ನನ್ನ ಹೊಸ ಕೆಟಲ್ ಇರುವಾಗ ಒಲೆ ಯಾಕೆ? ಹಿಂದಿನ ಸಂಜೆಯಿಂದ ಲೆಕ್ಕ ಹಾಕಿದರೆ ಅದು ಐದನೆಯ ಕೆಟಲ್ ನೀರು. ಕುಡಿದು ಮುಗಿಸಿ, ಹೊರಡಲು ಠೀವಿಯಿಂದ ಕೀಲಿ ತಿರುಗಿಸಿದೆ.

ಟಿಕ್.

"ಏನ್ರೀ ಅದು?" ಎಂದಳು ನೆಲಿದಾ.

"ಎಂಜಿನ್ ಯೋಚನೆ ಮಾಡ್ತಾ ಇದೆ."

ಅರ್ಧ ಗಂಟೆ ಯೋಚಿಸಿತು. ಅಷ್ಟರಲ್ಲಿ ದೇವರು ಕಳಿಸಿದಂತೆ ಎಲ್ಲರೂ ಗೌರವದಿಂದ ಡಾನ್ ಅಬುಂದಿಯೊ ಎನ್ನುವ ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ಬಂದರು. ತಮ್ಮ ಕೇಬಲ್ ಹಚ್ಚಿ ಕ್ಷಣದಲ್ಲಿ ವ್ಯಾನನ್ನು ಎಬ್ಬಿಸಿದರು. ಜಯಭೇರಿ! ಉಪಕಾರ ಮಾಡಿದವರಿಗೆ ಮಾಟೆ ಕೊಡದೆ ಕಳಿಸುವುದುಂಟೇ? ಅದೂ ಗಡಗಡ ಎನ್ನುವ ಎಂಜಿನ್ ಪಕ್ಕ ನಿಲ್ಲಿಸಿ ಕೊಡುವುದೇ? ಮರ್ಯಾದಸ್ಥನಾದ ನಾನು ಎಂಜಿನ್ ಆರಿಸಿದೆ. ಕೆಟಲ್ ಚುಚ್ಚಿದೆ.

"ರೀ, ಒಂದು ಮಾತು ಹೇಳ್ಲಾ?"

"ತಾಂತ್ರಿಕ ವಿಷಯಾನಾ?"

"ಹೂಂ."

"ಹಾಗಾದ್ರೆ ಬೇಡ!"

ಡಾನ್ ಅಬುಂದಿಯೊ ನಾಲ್ಕು ಬುರುಡೆ ಹೀರಿ, "ಮಾಟೆ ಅಂದ್ರೆ ಇದಪ್ಪಾ!" ಎಂದು ಹೊಗಳಿ ಹೊರಟುಹೋದರು. ಟ್ರ್ಯಾಕ್ಟರು ಕಣ್ಮರೆಯಾದ ಮೇಲೆ ಕೀಲಿ ತಿರುಗಿಸಿದೆ. ಈ ಸಲ ಟಿಕ್ ಕೂಡ ಇಲ್ಲ!

ಹನ್ನೊಂದಾಯಿತು. ನನ್ನ ಚಪ್ಪಾಳೆ ಕಣ್ಣೆದುರೇ ಹಾರಿಹೋಗುತ್ತಿತ್ತು. ನಿಜಕ್ಕೂ ಅಳು ಬಂತು. ಅಭಿಮಾನ ನುಂಗಿಕೊಂಡು ಎವರಿಸ್ಟೊಗೆ ಫೋನ್ ಮಾಡಿದೆ.

"ಭಾವಾ, ಸ್ವಲ್ಪ ಬರ್ತೀಯಾ?"

"ಹೇಗಪ್ಪಾ ಬರ್ಲಿ? ನೀನು ಬರ್ಲಿಲ್ಲ ಅಂತ ಅಮ್ಮ ಬೆಂಕಿ ಹಚ್ಚೋಕೆ ನನಗೇ ಹೇಳಿದ್ಲು. ನಾನು ಕೊಟ್ಟ ಕೇಬಲ್ ಎಲ್ಲಿ?"

"ಗ್ಯಾರೇಜಲ್ಲಿ," ಎಂದೆ, ಕೆಳದನಿಯಲ್ಲಿ.

ನೆಲಿದಾ ಫೋನ್ ಕಿತ್ತುಕೊಂಡಳು. "ಇಲ್ಲ ಅಣ್ಣಾ, ನನ್ನ ಮಂಚದ ಕೆಳಗಿದೆ. ನಾನೇ ತಂದಿಟ್ಟಿದ್ದೆ."

"ಇದ್ರೇನು ಬಂತು!" ಎಂದು ಕೂಗಿದೆ. "ಕರೆಂಟು ಕೊಡೋಕೆ ಇನ್ನೊಂದು ಬ್ಯಾಟರಿ ಬೇಡ್ವಾ?"

ಆಚೆ ಎವರಿಸ್ಟೊ ಗೊಳ್ಳೆಂದು ನಕ್ಕ. ಈಚೆ ನೆಲಿದಾ ನನ್ನನ್ನೇ ನೋಡಿದಳು. ಆಮೇಲೆ ಪತ್ರಿಕೆಯ ತುದಿಯಿಂದ ಹಿಂದಿನ ಸೀಟಿನಡಿ ತೋರಿಸಿದಳು. ಒಂದು ಹನಿ ಕರೆಂಟೂ ಖರ್ಚಾಗದೆ, ನಿನ್ನೆಯಿಂದ ಆಪತ್ಕಾಲಕ್ಕೆ ಕಾದು ಕೂತಿದ್ದ ನನ್ನ ಎರಡನೆಯ ಬ್ಯಾಟರಿ!

"ಇದನ್ನೇ ಹೇಳೋಕೆ ಬಂದಿದ್ದೆ," ಎಂದಳು. "ತಾಂತ್ರಿಕ ಅಂತ ಸುಮ್ನಾದೆ."

ಎವರಿಸ್ಟೊ ಫೋನಿನಲ್ಲಿ ಹೇಳುತ್ತ ಹೋದ, ನೆಲಿದಾ ಕೇಬಲ್ ಹಚ್ಚಿದಳು, ನಾನು ಬಾನೆಟ್ ಎತ್ತಿ ಹಿಡಿದುಕೊಂಡು ನಿಂತೆ. ವ್ಯಾನ್ ಎದ್ದಿತು.

ನಾವು ತಲುಪಿದಾಗ ಮಾಂಸ ಬೆಂದು ತಟ್ಟೆಗೆ ಬಂದಿತ್ತು. ನಲವತ್ತು ಜನ ಎವರಿಸ್ಟೊಗೆ ಚಪ್ಪಾಳೆ ತಟ್ಟುತ್ತಿದ್ದರು. ಬೇರೆ ದಾರಿಯಿಲ್ಲದೆ ನಾನೂ ತಟ್ಟಿದೆ. ನೆಲಿದಾಳಿಂದ ಕೆಟಲ್ ಕಥೆಯೆಲ್ಲ ಕೇಳಿ, ನನ್ನ ಜೋಲು ಮುಖ ನೋಡಿ ಅತ್ತೆಗೆ ಕನಿಕರವಾಯಿತು.

"ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೇ," ಎಂದರು ಪಕ್ಕ ಕೂರಿಸಿಕೊಂಡು. "ನಿಮಗೂ ಒಂದು ಕೆಲಸ ಉಳಿಸಿದ್ದೀನಿ. ಊಟ ಆದ್ಮೇಲೆ ಎಲ್ಲರಿಗೂ ಮಾಟೆ ನೀವೇ ಕೊಡಿ."

ನನ್ನ ಎದೆ ಮತ್ತೆ ಉಬ್ಬಿತು. ಎದ್ದು ನಿಂತೆ.

ಅತ್ತೆ ನಲವತ್ತು ಜನಕ್ಕೂ ಕೇಳುವಂತೆ ಕೂಗಿ ಹೇಳಿದರು: "ನೆಲಿದಾ, ನೀರು ಮಾತ್ರ ನೀನೇ ಕಾಯ್ಸಮ್ಮಾ!"