ಬಿಸಿಲಿಗೆ ಒಣಹಾಕಿದ ಫೋನು

ಅಣ್ಣಿಗೇರಿಯಲ್ಲಿ ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬಿಸಿಲಿಗೆ ಹಾಕಿ, ಹಿಂಜಿ, ಮತ್ತೆ ಹೊಸದರಂತೆ ತುಂಬಿಕೊಡುವುದು ನನ್ನ ಉದ್ಯೋಗ. ಹೀಗಾಗಿ ‘ಹಳೆಯದಾಯಿತು’ ಎಂಬ ಮಾತನ್ನು ನಾನು ನಂಬುವವನಲ್ಲ. ಮೊಬೈಲ್ ಅಂಗಡಿಯವನು ನನ್ನ ಒಂಬತ್ತು ವರ್ಷದ ಫೋನು ನೋಡಿ, “ಕಾಕಾ, ಕಂಪನಿಯವ್ರು ಇದಕ್ಕ ಅಪ್‌ಡೇಟ್ ಕೊಡೂದು ಬಿಟ್ಟು ಭಾಳ ದಿನ ಆತ್ರಿ. ಒಳಗ ಇದ್ದದ್ದನ್ನೆಲ್ಲಾ ಬ್ಯಾರೆ ಫೋನಿಗೆ ಹಾಕ್ಕೊಳ್ರಿ,” ಎಂದಾಗ ನಗು ಬಂತು. ಕಂಪನಿಯವರು ಕೈಬಿಟ್ಟರೇನು, ಯಜಮಾನ ಬಿಟ್ಟಿಲ್ಲವಲ್ಲ! ಅಜ್ಜನ ಕಾಲದ ಅರಳೆಗೇ ಜೀವ ತುಂಬುವವನು ನಾನು.

ಫೋನಿನೊಳಗೆ ಇದ್ದದ್ದು ನಮ್ಮ ಅಣ್ಣನ ದನಿ. ನನಗೆ ಕೆಲಸ ಕಲಿಸಿದವನು ಅವನೇ. ಕುಂದಗೋಳದಿಂದ ದಿನಾ ಬೆಳಿಗ್ಗೆ ಬೈಗುಳ ರೆಕಾರ್ಡ್ ಮಾಡಿ ಕಳಿಸುತ್ತಿದ್ದ: “ಲೇ, ಹೊಲಿಗಿ ಬಿಗಿ ಹಾಕ್ಲೇ. ಮಂದಿ ಮಲಗೂ ವಸ್ತು ಅದು.” ಹೋದ ವರ್ಷ ಲಕ್ವಾ ಹೊಡೆದು ಅವನ ಮಾತು ನಿಂತಿತು. ಅವನ ಫೋನಿನಲ್ಲಿ ಆ ಬೈಗುಳ ಒಂದೂ ಉಳಿದಿರಲಿಲ್ಲ. ಆಮೇಲೆ ತಿಂಗಳಿಗೊಮ್ಮೆ ಬಂದು, ತನ್ನ ಬೈಗುಳವನ್ನು ತಾನೇ ಕೇಳಿ, ಅರ್ಧ ಮುಖದಲ್ಲಿ ನಗುತ್ತಿದ್ದ. ನಮ್ಮಿಬ್ಬರಿಗೆ ಉಳಿದ ಮಾತುಕತೆ ಅಷ್ಟೇ.

“ಅಷ್ಟೂ ಮಗಳ ಫೋನಿಗೆ ಹಾಕಸ್ರಿ,” ಎಂದು ಹೆಂಡತಿ ಹಸೀನಾ ಗಂಟು ಬಿದ್ದಿದ್ದಳು.

“ನಾಳೆ ನೋಡೂಣು,” ಎಂದೆ. ನಾಲ್ಕು ತಿಂಗಳು ಅದನ್ನೇ ಎಂದೆ.

ಮಳೆಗಾಲದಲ್ಲಿ ಫೋನು ತಡವರಿಸತೊಡಗಿತು. ಥಂಡಿ ಹಿಡಿದಿದೆ ಎಂದು ಶಾಸ್ತ್ರೋಕ್ತವಾಗಿ ನಿರ್ಣಯಿಸಿದೆ. ಬಿಸಿಲು ಬಿದ್ದ ದಿನ ಮಾಳಿಗೆಯ ಮೇಲೆ ಅರಳೆಯ ಬಾಜು ಅದನ್ನೂ ಒಣಹಾಕಿದೆ. ಮಧ್ಯಾಹ್ನ ನೋಡಿದರೆ ಫೋನು ಉಬ್ಬಿದೆ! ನನ್ನ ಉದ್ಯೋಗದಲ್ಲಿ ಉಬ್ಬುವುದೇ ಗುಣವಾದ ಲಕ್ಷಣ. ಹಿಗ್ಗಿನಿಂದ ಕೆಳಗಿಳಿದು ಅಂಗಳದಲ್ಲಿದ್ದ ಹಸೀನಾಗೆ ತೋರಿಸಿದೆ.

“ಅದು ಗಾದಿ ಅಲ್ರಿ,” ಎಂದಳು.

ಅವಳ ಮುಖ ನೋಡಿ ಗಾಬರಿಯಾಯಿತು. ಉಬ್ಬಿದ್ದನ್ನು ಅಂಗೈಯಿಂದ ಬಲವಾಗಿ ಅದುಮಿದೆ. ಟಕ್ ಎಂದಿತು. ಹೊಗೆ ಎದ್ದಿತು. ನಾನು ಬೀಸಿ ಒಗೆದೆ, ಅವಳು ಓಡಿಬಂದು ಮಣ್ಣು ಸುರಿದಳು.

ಅಂಗಡಿಯವನು ಸುಟ್ಟ ಭಾಗ ತೆರೆದು ತೋರಿಸಿ, “ಏನೂ ಉಳದಿಲ್ರಿ ಕಾಕಾ,” ಎಂದ. ಕಂಪನಿಯವರನ್ನು ಬೈಯಬೇಕೆಂದುಕೊಂಡೆ, ಆಗಲಿಲ್ಲ. ಅವರು ಕೈಬಿಟ್ಟಿದ್ದರು, ಕೊಂದವನು ನಾನು.

ಶುಕ್ರವಾರ ಅಣ್ಣ ಬಂದ. ಕುರ್ಚಿಯಲ್ಲಿ ಕುಳಿತು, ಫೋನು ಹಚ್ಚಿ ಕೇಳಿಸು ಎಂಬಂತೆ ಕಿವಿ ಮುಟ್ಟಿ ತೋರಿಸಿದ.

“ಅಣ್ಣಾ, ಬಿಸಲಿಗೆ ಹಾಕಿದ್ನಿ. ಸುಟ್ಟು ಹೋತು.”

ಅವನು ನನ್ನನ್ನೇ ನೋಡಿದ. ತುಟಿ ಅಲುಗಿತು. ಅಭ್ಯಾಸಬಲದಿಂದ ನಾನು ತಲೆ ತಗ್ಗಿಸಿ ಕಾದೆ. ಹುಟ್ಟಿದ ಮೇಲೆ ಮೊದಲ ಸಲ ಅವನ ಬೈಗುಳಕ್ಕೆ ಪೂರ್ತಿ ಯೋಗ್ಯನಾಗಿದ್ದೆ. ಬೈಯಬೇಕಾದ ದನಿಯನ್ನು ನಾನೇ ಸುಟ್ಟುಕೊಂಡಿದ್ದೆ.