ಒಂದೇ ಒಂದು ಟಕ್

ಸೊಗಾಬೆ ತಂದ ಹೊಸ ಡ್ಯಾಕ್ ಪೆಟ್ಟಿಗೆ ಅಂಗೈಯಗಲದ್ದು. ಕಂಪ್ಯೂಟರಿನ ಅಂಕಿಗಳನ್ನು ಶಬ್ದವಾಗಿಸುವುದು ಅದರ ಕೆಲಸ. ಅದೆಷ್ಟು ಚೊಕ್ಕವಾಗಿ ಮಾಡುತ್ತದೆಂದು ತಿಳಿಯಬೇಕಾದರೆ ಒಳಗೆ ಒಂದೇ ಒಂದು ‘ಟಕ್’ ಕಳಿಸಿ, ಹೊರಬಂದದ್ದನ್ನು ಪರದೆಯ ಮೇಲೆ ಗೆರೆಯಾಗಿ ನೋಡಬೇಕು. ತಂತಿಯಲ್ಲೇ, ಸದ್ದಿಲ್ಲದೆ ಮುಗಿಸಬಹುದಾದ ಕೆಲಸ. ಆದರೆ ಈ ಶಬ್ದದ ಹುಚ್ಚು ಹತ್ತಿದವರು ಕಿವಿಯಾರೆ ಕೇಳದೆ ಕಣ್ಣನ್ನು ನಂಬುವುದಿಲ್ಲ. ಭಾನುವಾರ ಬೆಳಿಗ್ಗೆ ಅವನು ಸ್ಪೀಕರನ್ನೂ ಜೋಡಿಸಿ ಗುಂಡಿ ಒತ್ತತೊಡಗಿದ. ಒತ್ತಿದಾಗಲೆಲ್ಲ ಟಕ್.

ಒಸಾಕಾದ ಆ ಮರದ ವಠಾರದಲ್ಲಿ ಪಕ್ಕದವರು ಮಿಸೊ ಸಾರು ಹೀರಿದರೆ ಇವನ ನಾಲಿಗೆಗೆ ಉಪ್ಪು ತಾಗಬೇಕು, ಗೋಡೆ ಅಷ್ಟು ತೆಳು. ಇವನ ಸದ್ದಿನ ಬಗ್ಗೆ ಆಗಲೇ ಎರಡು ದೂರು ಹೋಗಿದ್ದವು. ಇನ್ನೊಂದು ಬಂದರೆ ರೂಮು ಖಾಲಿ ಮಾಡಿಸುತ್ತೇನೆಂದು ಮನೆಯೊಡತಿ ಉಶಿಯೊ ಅಜ್ಜಿ ಖಡಾಖಂಡಿತ ಹೇಳಿದ್ದಳು. ನಾಲ್ಕು ಸಾವಿರ ರೆಕಾರ್ಡು ಪೇರಿಸಿಕೊಂಡ ಒಂಟಿ ಗಂಡಸಿಗೆ ಆ ಊರಲ್ಲಿ ಬೇರೆ ಯಾರೂ ರೂಮು ಕೊಡುವವರಿರಲಿಲ್ಲ.

ಹತ್ತನೇ ಟಕ್ಕಿಗೆ ಯಾರೋ ಬಾಗಿಲು ಬಡಿದರು. ಸೊಗಾಬೆ ಹೋಗಿ ತೆರೆದ. ಹೊರಗೆ ಅಜ್ಜಿ. ಅವಳ ಬೆನ್ನಿಗೆ ಕೆಳಮನೆಯ ಕಿತ್ಸುಕಾವಾ, ಬಸ್ಸು ಓಡಿಸಿ ನಿವೃತ್ತನಾದವನು. ಕೇರಿಯ ಸುತ್ತೋಲೆ ಮುಟ್ಟಿಸುವ ನೆಪದಲ್ಲಿ ಎಲ್ಲರ ಅಡಿಗೆಮನೆ ಇಣುಕುವ ಆಸಾಮಿ. ಇಬ್ಬರ ಮುಖವೂ ತೋಫುವಿನಂತೆ ಬಿಳಿಚಿಕೊಂಡಿತ್ತು.

“ನಿಂಗೂ ಕೇಳಿಸ್ತೇನಪ್ಪಾ?” ಕಿತ್ಸುಕಾವಾ ಪಿಸುಗುಟ್ಟಿದ. “ಪಕ್ಕದ ರೂಮಲ್ಲಿ ನಿವಾ ಶೋಗಿ ಆಡ್ತಿದಾನೆ.”

ನಿವಾ ಸತ್ತು ಎರಡು ತಿಂಗಳಾಗಿತ್ತು, ಅವನ ರೂಮಿಗೆ ಅಂದಿನಿಂದ ಬೀಗ. ಬದುಕಿದ್ದಾಗ ದಿನವಿಡೀ ಚದುರಂಗದಂಥ ಆ ಆಟದ ಮಣೆಯ ಮೇಲೆ ಮರದ ಕಾಯಿ ಕುಟ್ಟುತ್ತಿದ್ದ, ಟಕ್ ಟಕ್ ಎಂದು.

“ನಲವತ್ತೊಂಬತ್ತನೇ ದಿನದ ಕರ್ಮ ಯಾರೂ ಮಾಡ್ಲಿಲ್ಲ ನೋಡು,” ಅಜ್ಜಿ ಕೈ ಮುಗಿದಳು. “ಪಾಪ, ಹೋಗೋಕೆ ದಾರಿ ಸಿಕ್ಕಿಲ್ಲ.”

ನಿಜ ಹೇಳಿದರೆ ಮೂರನೇ ದೂರು. ಸೊಗಾಬೆ ಬಾಯಿ ಹೊಲಿದುಕೊಂಡ. ಇಬ್ಬರೂ ಒಳಗೆ ಬಂದು ಗೋಡೆಗೆ ಕಿವಿಯಾನಿಸಿ ಕೂತರು. ಮೂರು ಸಲ ಚಹಾ ಆಯಿತು. ಗೋಡೆ ತುಟಿ ಬಿಚ್ಚಲಿಲ್ಲ.

“ನಿನ್ನ ಕಂಡು ನಾಚ್ಕೊಂಡಿದಾನೆ,” ಎಂದು ಅಜ್ಜಿಯನ್ನು ಕಿಚಾಯಿಸುತ್ತ ಕಿತ್ಸುಕಾವಾ ಮೇಜಿಗೆ ಮೊಣಕೈ ಊರಿದ. ಮೊಣಕೈ ಊರಿದ್ದು ಗುಂಡಿಯ ಮೇಲೆ.

ಟಕ್! ಸದ್ದು ಬಂದದ್ದು ಅವನ ಮೂಗಿನ ಮುಂದಿದ್ದ ಸ್ಪೀಕರಿನಿಂದ.

ಸೊಗಾಬೆ ನೆಲಕ್ಕೆ ಹಣೆ ಹಚ್ಚಿದ. “ತಪ್ಪಾಯ್ತು ಅಜ್ಜಿ, ನಿವಾನೂ ಇಲ್ಲ ಯಾರೂ ಇಲ್ಲ. ನಂದೇ ಸದ್ದು. ರೂಮೊಂದು ಬಿಡಿಸ್ಬೇಡಿ. ಬೇಕಾದ್ರೆ ನೋಡಿ, ಬೆಳಿಗ್ಗೆಯಿಂದ ಹೊಡೆದದ್ದೆಲ್ಲ ಇಲ್ಲಿ ದಾಖಲಾಗಿದೆ.”

ಪರದೆಯ ನಡುವೆ ಕೊನೆಯ ಟಕ್ಕಿನ ಗೆರೆ ಗೋಪುರದಂತೆ ಎದ್ದಿತ್ತು. ಕಿತ್ಸುಕಾವಾ ಕನ್ನಡಕ ಏರಿಸಿದ.

“ಹೊಡೆತ ಇದು ತಾನೆ? ಮತ್ತೆ ಅದಕ್ಕೂ ಮುಂಚೆ ಏನಯ್ಯಾ ಈ ನಡುಕ?”

“ಅದು ಈ ಪೆಟ್ಟಿಗೆಯ ಗುಣ. ಹೊಡೆತಕ್ಕೆ ಮೊದ್ಲೇ ಚೂರು ನಡುಗಿದ ಹಾಗೆ ಕಾಣುತ್ತೆ.”

“ಹೊಡೆಯೋದು ಅದಕ್ಕೆ ಮೊದ್ಲೇ ಹೇಗಯ್ಯಾ ಗೊತ್ತಾಗುತ್ತೆ?” ಕಿತ್ಸುಕಾವಾನ ದನಿ ಇಳಿಯಿತು. “ಅಜ್ಜಿ, ಇದು ನಿವಾನ ಕೈ. ಶೋಗಿ ಆಡೋವಾಗ ನನ್ನ ಸರದಿ ಮುಗಿಯೋ ಮುಂಚೆನೇ ಅವನ ಬೆರಳು ಹೀಗೇ ನಡುಗ್ತಿತ್ತು!”

ಸೊಗಾಬೆ ಲೆಕ್ಕ ಬರೆದು ತೋರಿಸಿದ. ಅವನು ಬಿಡಿಸಿ ಹೇಳಿದಷ್ಟೂ ಅವರ ಕಣ್ಣು ಅಗಲವಾದವು. ಅಜ್ಜಿ ಪೆಟ್ಟಿಗೆಯ ಮುಂದೆ ಅನ್ನದ ಬಟ್ಟಲಿಟ್ಟು, ಸತ್ತವರಿಗೆ ಎಡೆಯಿಡುವಂತೆ ಅದರಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಚಿ, ಧೂಪ ಹಚ್ಚಿದಳು.

“ಸತ್ತವನ ಸದ್ದಿಗೆ ನಿನ್ನ ಮೇಲೆ ಯಾಕಪ್ಪಾ ದೂರು? ಆರಾಮಾಗಿರು,” ಎಂದು ಹೇಳಿ ಹೊರಟಳು.

ರೂಮು ಉಳಿಯಿತು. ಸೊಗಾಬೆ ನಿಟ್ಟುಸಿರುಬಿಟ್ಟು, ಬುದ್ಧಿ ಬಂದವನಂತೆ ಸ್ಪೀಕರಿನ ತಂತಿ ಕಿತ್ತ. ಸದ್ದಿಲ್ಲದೆ ಕೊನೆಯ ಅಳತೆ ಮುಗಿಸಲು ಬೆರಳೆತ್ತಿದ.

ಗುಂಡಿಗೆ ಬೆರಳು ಇನ್ನೂ ತಾಗಿರಲಿಲ್ಲ. ಗೋಡೆಯಾಚೆ ಟಕ್ ಎಂದಿತು.

ಅವನು ಬೆರಳು ಹಿಂದೆಗೆದ. ಮೌನ. ಮತ್ತೆ ಚಾಚಿದ.

ಟಕ್.

ಸಂಜೆ ದೀಪ ಹತ್ತುವ ಹೊತ್ತಿಗೆ ಅವನು ಕೈಚೀಲ ಹಿಡಿದು ಮೆಟ್ಟಿಲ ಬಳಿ ನಿಂತಿದ್ದ. ನಾಲ್ಕು ಸಾವಿರ ರೆಕಾರ್ಡುಗಳ ನೆನಪೂ ಅವನಿಗಿರಲಿಲ್ಲ. ಮೆಟ್ಟಿಲಿಗೆ ಅಡ್ಡವಾಗಿ ಅಜ್ಜಿ ಕೂತಿದ್ದಳು.

“ರೂಮು ಖಾಲಿ ಮಾಡ್ತೀನಿ ಅಜ್ಜಿ. ಈಗ್ಲೇ.”

“ಕರಾರು ಓದಿಲ್ವ? ಒಂದು ತಿಂಗಳು ಮುಂಚೆ ಹೇಳ್ಬೇಕು.” ಅವಳು ಅವನ ಚೀಲ ಇಸಿದುಕೊಂಡಳು. “ನೀನು ಹೋದ್ರೆ ಅವನಿಗೆ ಜೊತೆ ಯಾರು? ನಾನಾ? ಕಡೇಪಕ್ಷ ಈ ತಿಂಗಳು ಇರ್ತೀಯಲ್ಲ?”

ಸೊಗಾಬೆ ಬಾಯಿ ತೆರೆಯುವ ಮೊದಲೇ ಹಿಂದೆ ನಿವಾನ ರೂಮಿನಲ್ಲಿ ಟಕ್ ಎಂದಿತು.

“ನೋಡು,” ಎಂದಳು ಅಜ್ಜಿ, “ನಿನ್ನ ಪರವಾಗಿ ಅವನೇ ಒಪ್ಕೊಂಡ.”